ಉದ್ದ ಟೆಂಟಿನಲ್ಲಿ ಮಲಗಿದ್ದವಳು

ವಿಂಡ್‌ಶೀಲ್ಡಿನ ತುಂಬ ಚೆಂಡುಹೂವು.

ರಸ್ತೆ ಕಾಣುತ್ತಿಲ್ಲ. ನನ್ನ ಓಮ್ನಿಯ ಕ್ಯಾರಿಯರ್ ಮೇಲೆ ಓಮ್ನಿಗಿಂತ ಉದ್ದದ ಒಂದು ಮರದ ದೋಣಿ. ಅದರ ಮೂತಿಗೆ ಕಟ್ಟಿದ ಮಾಲೆ ಗಾಳಿಗೆ ಸಡಿಲವಾಗಿ ನನ್ನ ಕಣ್ಣೆದುರಿಗೇ ಕುಣಿಯುತ್ತಿದೆ. ಹಿಂದೆ ಒಂದು ಬೊಲೆರೊ ಪಿಕಪ್, ಹಾರ್ನ್ ಮೇಲಿಂದ ಕೈ ತೆಗೆಯದೆ ಅಟ್ಟಿಸಿಕೊಂಡು ಬರುತ್ತಿದೆ. ಮುಂದೆ ಬಿಣಗಾದ ಸುರಂಗ.

"ಬೇಬಿಅಕ್ಕಾ, ಆ ಮಾಲೆ ಹರಿದು ಒಗಿ."

"ಪೂಜೆ ಆದ ಮಾಲೆ, ಬಾಯಿ. ಹರಿಯೂಕೆ ಬರೂದಿಲ್ಲ."

"ರಸ್ತೆ ಕಾಣ್ತಾ ಇಲ್ಲ."

"ಹಂಗಾರೆ ಮೆಲ್ಲಕೆ ಹೋಗು."

ಮೆಲ್ಲಗೆ ಹೋಗಬೇಕಂತೆ. ಹಿಂದಿನವನಿಗೆ ನಮ್ಮನ್ನು ಗುದ್ದಿ ಗಟಾರಕ್ಕೆ ಕೆಡವಲು ಮೂರು ಅವಕಾಶ ಸಿಕ್ಕಿದ್ದವು. ಅವನು ಗುದ್ದಲಿಲ್ಲ. ಯಾಕೆ ಗುದ್ದಲಿಲ್ಲ ಅನ್ನುವುದೇ ಈ ಕತೆ.

ಸಿಡುಕಬೇಡ. ನೀನು ಕೇಳಿದ್ದು ಇದನ್ನಲ್ಲ, ಗೊತ್ತು.

ನೀನು ಶಿರವಾಡದಿಂದ ರಿಕ್ಷಾ ಮಾಡಿಕೊಂಡು ಬಂದೆ. ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದೆ. ಮದುವೆ ಮಾತು ನಡೆದಿದೆ, ಹುಡುಗ ಹೇಗೆ ಅಂತ ವಿಚಾರಿಸಿ ಹೇಳಿ ಅಂದೆ. ನಾನು ನಕ್ಕುಬಿಟ್ಟೆ. ನಿನಗೆ ಸಿಟ್ಟು ಬಂತು.

ಮನಿಷಾ, ಆ ಬೊಲೆರೊ ಓಡಿಸುತ್ತಿದ್ದವನು ನಿನ್ನ ಫೋಟೊದ ಹುಡುಗ. ರೂಪೇಶ. ಹೊಸದಾಗಿ ವಿಚಾರಿಸಲು ಏನೂ ಉಳಿದಿಲ್ಲ. ಚಹಾ ಕುಡಿ, ಹೇಳುತ್ತೇನೆ.

ನನ್ನ ಧಂದೆ ನಿನಗೆ ಗೊತ್ತೇ ಇದೆ. ಕಳೆದದ್ದನ್ನು ಹುಡುಕುತ್ತೇನೆ. ಓಡಿಹೋದವರನ್ನು ಹಿಡಿಯುತ್ತೇನೆ. ಗಂಡುಗಳ ಚರಿತ್ರೆ ಕೆದಕುತ್ತೇನೆ. ಕಾರವಾರದಲ್ಲಿ ನೀತಾ ಅಂದರೆ ಕೆಲವರು ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾರೆ. ಆದರೆ ದೋಣಿ ಹುಡುಕಿದ್ದು ಅದೇ ಮೊದಲು.

ದಸರೆಯ ಹಿಂದಿನ ದಿನ ಬೇಬಿಅಕ್ಕ ಬಂದಳು. ಸದಾಶಿವಗಡದವಳು, ಹೆಂಗಸರನ್ನೆಲ್ಲ ಬಾಯಿ ಅಂತಲೇ ಕರೆಯುವವಳು. ಮೀನಿನ ಬುಟ್ಟಿಯನ್ನು ಬಾಗಿಲಲ್ಲೇ ಇಟ್ಟು, ನನ್ನ ಕುರ್ಚಿಯಲ್ಲಿ ಕೂತಳು. ಹೌದು, ನನ್ನ ಕುರ್ಚಿಯಲ್ಲೇ.

"ನನ್ನ ಗಂಗೆ ಹೋಯ್ತು."

"ಮಗಳಾ?"

"ದೋಣಿ."

ಗಂಡ ತೀರಿಹೋದ ಮೇಲೆ ಆ ಸಣ್ಣ ದೋಣಿಯನ್ನು ಅವಳೇ ನಡೆಸುತ್ತಿದ್ದಳು. ಅವರ ಕೇರಿಯಲ್ಲಿ ಒಂದು ಕಟ್ಟಳೆಯಿದೆ. ದಸರೆಯ ಮರುದಿನ ವರ್ಷದ ಮೊದಲ ರಂಪಣಿ. ರಂಪಣಿ ಅಂದರೆ ಇಡೀ ಕೇರಿ ಕೂಡಿ ಎಳೆಯುವ ದೊಡ್ಡ ಬಲೆ. ಆ ದಿನ ಬಲೆಯ ದೋಣಿಗಿಂತ ಮುಂದೆ ಒಂದು ಸಣ್ಣ ದೋಣಿ ಹೋಗಿ ಮೀನಿನ ಜಾಡು ತೋರಿಸಬೇಕು. ಮಾವನ ಕಾಲದಿಂದ ಆ ಮುಂದಿನ ದೋಣಿ ಬೇಬಿಅಕ್ಕನ ಮನೆಯದು. ಭರತಿ, ಅಂದರೆ ಉಬ್ಬರದ ನೀರು, ತುಂಬಿ ಸಮುದ್ರಕ್ಕೆ ಕಾಯಿ ಕೊಡುವ ಹೊತ್ತಿಗೆ ಅದು ದಂಡೆಯಲ್ಲಿ ಇರಲಿಲ್ಲವೋ, ಜಾಗ ಬೇರೆ ಮನೆಗೆ ಹೋಗುತ್ತದೆ. ಹೋದದ್ದು ತಿರುಗಿ ಬರುವುದಿಲ್ಲ.

"ಯಾವ ಮನೆಗೆ ಹೋಗ್ತದೆ?"

"ನನ್ನ ಮೈದುನ ದತ್ತಾನ ಮನೆಗೆ."

"ಪೊಲೀಸರು ಎಂತ ಹೇಳಿದ್ರು?"

"ತೇಲಿ ಹೋಗಿರ್ಬೇಕು ಅಂದ್ರು. ಗಂಗೆ ಎಂತ ತೆಂಗಿನ ಸಿಪ್ಪೆಯಾ, ಬಾಯಿ? ಮರಳ ಮೇಲೆ, ಹಗ್ಗ ಕಟ್ಟಿ ಇಟ್ಟದ್ದು."

ಅಳಲಿಲ್ಲ. ಸೆರಗಿನಿಂದ ನನ್ನ ಮೇಜಿನ ಧೂಳು ಒರೆಸಿದಳು. ಆ ಜಾಗ ಹೋದರೆ ಕೇರಿಯಲ್ಲಿ ತಾನು ದತ್ತಾನ ಮನೆಯ ಮೂಲೆಯಲ್ಲಿರುವ ವಿಧವೆ, ಅಷ್ಟೇ ಅಂದಳು. ಒಪ್ಪಿಕೊಂಡೆ.

ದೋಣಿ ಕಳೆದ ಬೆಳಿಗ್ಗೆ ಅದೇ ದಂಡೆಯಿಂದ ಒಂದು ಕ್ಯಾಂಪಿಂಗ್ ಗುಂಪು ಎದ್ದು ಹೋಗಿತ್ತು. ಟೆಂಟು, ಪ್ಲಾಸ್ಟಿಕ್ ಕಯಾಕು, ಬೊಲೆರೊ ಪಿಕಪ್. ಇನ್‌ಸ್ಟಾಗ್ರಾಂ ತೆರೆದೆ. ಮುಂದಿನ ಸ್ಟಾಪ್ ಅಂಕೋಲೆಯ ಕೇಣಿ ಬೀಚ್... ಸೀಟು ಖಾಲಿ ಇದೆ, ಸ್ವಂತ ಬೋಟ್ ಇದ್ದವರಿಗೆ ವಿಶೇಷ ಸ್ವಾಗತ.

ನನಗೆ ಸ್ವಂತ ಬೋಟ್ ಇದೆ. ಅಣ್ಣನ ಮಕ್ಕಳದು. ರಬ್ಬರಿನದು. ಎರಡೂ ಬದಿಗೆ ಬಾತುಕೋಳಿಯ ಚಿತ್ರ.

ಒಬ್ಬಳೇ ಹೋಗುವ ಅಂದಾಜಿತ್ತು. ದಸರೆಯ ಬೆಳಿಗ್ಗೆ ಓಮ್ನಿಯ ಬಾಗಿಲು ತೆಗೆದರೆ ಬೇಬಿಅಕ್ಕ ಒಳಗೆ ಕೂತಾಗಿದೆ. ಕಾಲ ಬುಡದಲ್ಲಿ ಒಂದು ಬಕೆಟ್ ತಾರ್ಲೆ ಮೀನು, ಕೊಯ್ಯುವ ಕತ್ತಿ, ಮಸಾಲೆ ರುಬ್ಬಿಟ್ಟ ಡಬ್ಬಿ.

"ಎಂತಕ್ಕೆ ಇದೆಲ್ಲ?"

"ಹೊರಗೆ ಮನಗೂದು ಹೌದಾದ್ರೆ ಉಣ್ಣೂದು ಬೇಡ್ವಾ? ಮತ್ತೆ, ಮನೆ ಇದ್ದವರು ಮಣ್ಣಲ್ಲಿ ಯಾಕೆ ಮನಗ್ತ್ರು, ಬಾಯಿ?"

"ಅದಕ್ಕೆ ಕ್ಯಾಂಪಿಂಗ್ ಅಂತಾರೆ."

"ನಮ್ಮ ಮನೆ ಸೋರೂವಾಗ ನಾವೂ ಮಾಡ್ತಿದ್ವು. ಹೆಸ್ರು ಗೊತ್ತಿರ್ಲಿಲ್ಲ."

ಕೇಣಿಯಲ್ಲಿ ಗಾಳಿಮರಗಳ ನೆರಳಲ್ಲಿ ಬಣ್ಣಬಣ್ಣದ ಗುಂಡು ಟೆಂಟುಗಳು. ಹುಬ್ಬಳ್ಳಿ, ಬೆಳಗಾವಿ ಕಡೆಯ ಗಂಡಸರು ಹೆಂಗಸರು ಹತ್ತು ಹದಿನೈದು ಮಂದಿ. ಎದುರುಗೊಂಡವನು ರೂಪೇಶ. ಟೋಪಿ, ಕೂಲಿಂಗ್ ಗ್ಲಾಸ್, ಕಣಕಾಲಿನವರೆಗೆ ಲೇಸ್ ಬಿಗಿದ ಟ್ರೆಕ್ಕಿಂಗ್ ಬೂಟು.

"ವೆಲ್‌ಕಮ್ ಮೇಡಂ. ನಾನು ಪುಣೆ. ಸಮುದ್ರ ಅಂದ್ರೆ ನನಗೆ ಇನ್ನೂ ಭಯ."

"ನನಗೂ," ಅಂದೆ. "ಇವರು ನಮ್ಮ ಅತ್ತೆ. ಧಾರವಾಡದವರು."

ಧಾರವಾಡದ ಅತ್ತೆ ಆಗಲೇ ಮರಳಲ್ಲಿ ಮೂರು ಕಲ್ಲು ಹೂಡಿ ತಾರ್ಲೆಯ ಹೊಟ್ಟೆ ಬಗೆಯಲು ಶುರು ಮಾಡಿದ್ದಳು. ಅವಳ ಕೈಯ ವೇಗ ನೋಡಿ ರೂಪೇಶ ಹುಬ್ಬೇರಿಸಿದ. ನಾನು ಅವನನ್ನು ಬೇರೆ ಕಡೆ ಎಳೆದುಕೊಂಡು ಹೋದೆ.

ಬೋಟಿಂಗ್ ಶುರುವಾಯಿತು. ನಾನು ಬಾತುಕೋಳಿ ಬೋಟಿಗೆ ಚಪ್ಪಲಿ ಕಾಲು ಇಟ್ಟೆ. ಬೆನ್ನ ಮೇಲೆ ಫಟ್ ಅಂತ ಒಂದು ಪೆಟ್ಟು.

"ಚಪ್ಪಲಿ ತೆಗಿ," ಬೇಬಿಅಕ್ಕ ಪಿಸುಗುಟ್ಟಿದಳು. "ದೋಣಿಗೆ ಚಪ್ಪಲಿ ಹಾಕಿ ಹತ್ತತ್ರಾ?"

"ಇದು ರಬ್ಬರು, ಅಕ್ಕಾ. ಮಕ್ಕಳ ಆಟದ್ದು."

"ದೋಣಿ ಅಂದ್ರೆ ದೋಣಿ. ನಮ್ಮನ್ನ ಹೊತ್ತು ನೀರು ದಾಟ್ಸೂದಲ್ವಾ?"

ಚಪ್ಪಲಿ ಬಿಟ್ಟೆ. ಆಮೇಲೆ ಸುಮ್ಮನೆ ಸುತ್ತ ನೋಡಿದೆ. ಹುಬ್ಬಳ್ಳಿಯವರು ಶೂ ಹಾಕಿಕೊಂಡೇ ಕಯಾಕಿಗೆ ಹತ್ತುತ್ತಿದ್ದಾರೆ. ಬೆಳಗಾವಿಯವರು ಸ್ಯಾಂಡಲ್ ಸಮೇತ. ಪುಣೆಯ ರೂಪೇಶ? ಅವನು ಮರಳಲ್ಲಿ ಕೂತು ಲೇಸ್ ಬಿಚ್ಚುತ್ತಿದ್ದಾನೆ. ಒಂದು ಬೂಟು... ಇನ್ನೊಂದು ಬೂಟು... ಬರಿಗಾಲಲ್ಲಿ ಎದ್ದು, ಕಯಾಕಿನ ಮೂತಿ ಮುಟ್ಟಿ, ಬೆರಳನ್ನು ಹಣೆಗೆ ಒತ್ತಿಕೊಂಡ. ಯಾರಿಗೂ ಕಾಣದ ಹಾಗೆ, ತಲೆ ಕೆರೆದುಕೊಳ್ಳುವವನಂತೆ.

ನನಗೆ ಕಂಡಿತು. ಇವನು ಪುಣೆಯವನಾದರೆ ನಾನು ಪೇಶ್ವೆ.

ನೀರಿಂದ ಬಂದಾಗಲೆಲ್ಲ ಅವನು ಬೂಟು ಹಾಕುತ್ತಿದ್ದ, ಹೋಗುವಾಗಲೆಲ್ಲ ಬಿಚ್ಚುತ್ತಿದ್ದ. ವೇಷಕ್ಕೆ ಬೂಟು ಬೇಕು, ಮನಸ್ಸಿಗೆ ಬೇಡ. ಪಾಪ, ಅವನ ಅರ್ಧ ದಿನ ಲೇಸಿಗೇ ಹೋಯಿತು.

ಮಧ್ಯಾಹ್ನ ಅವನು ಅಂಕೋಲೆ ಪೇಟೆಗೆ ಹೋದ. ನಾನೂ ಹಿಂದೆ ಹೋದೆ. ಬ್ರೆಡ್ಡು, ಮೊಟ್ಟೆ, ಐಸು ತಗೊಂಡ. ಆಮೇಲೆ ಹೂವಿನವಳ ಮುಂದೆ ನಿಂತ. ಎರಡು ಮಾಲೆ, ಕಾಯಿ, ಲಿಂಬೆಹಣ್ಣು, ಊದಿನಕಡ್ಡಿ. ದಸರೆಯಲ್ಲವೇ, ಗಾಡಿಗಿರಬೇಕು ಅಂದುಕೊಂಡೆ. ಕ್ಯಾಂಪಿಗೆ ಬಂದು ಬೊಲೆರೊಗೆ ಒಂದು ಮಾಲೆ ಹಾಕಿದ.

ಇನ್ನೊಂದು ಮಾಲೆ ಎಲ್ಲಿ?

ಗುಂಡು ಟೆಂಟುಗಳ ಹಿಂದೆ, ಮರಗಳ ನಡುವೆ, ಒಂದು ಉದ್ದ ಟೆಂಟ್ ಇತ್ತು. ಟಾರ್ಪಾಲಿನದು. ಬಾಗಿಲಿಗೆ ಹಗ್ಗ ಬಿಗಿದಿತ್ತು. ಒಳಗಿಂದ ಊದಿನಕಡ್ಡಿಯ ವಾಸನೆ.

"ಮೇಡಂ."

ಹಿಂದೆ ರೂಪೇಶ. ಕೈಯಲ್ಲಿ ಕಾಯಿ ಸುಲಿಯುವ ಕತ್ತಿ. ಕೂಲಿಂಗ್ ಗ್ಲಾಸ್ ಇರಲಿಲ್ಲ. ಕಣ್ಣಲ್ಲಿ ನಗೆಯೂ ಇರಲಿಲ್ಲ.

"ಅದು ಸ್ಟಾಫ್ ಟೆಂಟ್."

"ನಿಮ್ಮ ಸ್ಟಾಫ್ ತುಂಬ ಎತ್ತರ."

"ಹಾವು ಇದೆ ಆ ಕಡೆ."

"ಊದಿನಕಡ್ಡಿ ಹಚ್ಚುವ ಹಾವಾ?"

ಅವನು ಒಂದು ಹೆಜ್ಜೆ ಮುಂದೆ ಬಂದ. ನಾನು ಅಲುಗಾಡಲಿಲ್ಲ. ನಿಜ ಹೇಳಬೇಕೆಂದರೆ ಅಲುಗಾಡಲು ಕಾಲು ಬರಲಿಲ್ಲ.

"ಮೇಡಂ, ನೀವು ಒಳ್ಳೆಯವರು ಕಾಣ್ತೀರಿ. ನಾಳೆ ಮಧ್ಯಾಹ್ನದವರೆಗೆ ಟೆಂಟಲ್ಲಿ ಇರಿ, ಮೀನು ತಿನ್ನಿ, ಹೋಗಿ. ನಿಮ್ಮ ಗಾಡಿ ಕೀಲಿ ನನ್ನ ಹತ್ರ ಇದೆ. ಮಧ್ಯಾಹ್ನ ಕೊಡ್ತೆ."

ಕೊಡ್ತೆ. ಪುಣೆ ಜಾರಿ ನಮ್ಮ ಕರಾವಳಿಯ ಹಾರವಾಡ ಹೊರಬಿತ್ತು. ನಾಳೆ ಮಧ್ಯಾಹ್ನದ ಹೊತ್ತಿಗೆ ಭರತಿ ಇಳಿಯುತ್ತದೆ, ಕಾಯಿ ಸಮುದ್ರಕ್ಕೆ ಹೋಗಿರುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು.

ಬೇಬಿಅಕ್ಕನಿಗೆ ಎಲ್ಲ ಹೇಳಿದೆ. ಅವಳು ಆಗಲೇ ಎದ್ದು ಹೊರಟಳು, ಕತ್ತಿ ಹಿಡಿದು. ಸೀರೆ ಹಿಡಿದು ಕೂರಿಸಿದೆ.

"ಇಬ್ರೇ ಎತ್ತೂಕೆ ಆಗ್ತದಾ ಅದನ್ನ?"

"ಆರು ಮಂದಿ ಬೇಕು."

"ಹಂಗಾರೆ ಬೆಳಗಿನವರೆಗೆ ತಡಿ. ಆರು ಮಂದಿ ಪುಕ್ಕಟೆ ಸಿಗ್ತಾರೆ."

"ಅಂವ ಅದನ್ನ ಒಡದು ಹಾಕಿದ್ರೆ?"

"ಮಾಲೆ ಹಾಕಿದಾನೆ, ಅಕ್ಕಾ. ಒಡೆಯೂವವ ಮಾಲೆ ಹಾಕ್ತಾನಾ?"

ಅವಳು ಕತ್ತಿ ಕೆಳಗಿಟ್ಟಳು. ಆಮೇಲೆ ಮೆಲ್ಲಗೆ ನಕ್ಕಳು. ಕದ್ದ ದೋಣಿಯನ್ನೂ ದಸರೆಯ ದಿನ ಪೂಜೆಯಿಲ್ಲದೆ ಬಿಡಲು ಆಗಲಿಲ್ಲ ಆ ಹುಡುಗನಿಗೆ.

ಬೆಳಗಾಯಿತು. ರೂಪೇಶ ಹಾಲು ತರಲು ಪೇಟೆಗೆ ಹೋದ. ನಾನು ಕ್ಯಾಂಪಿನ ಸೀಟಿ ತಗೊಂಡು ಊದಿದೆ.

"ಗುಡ್ ಮಾರ್ನಿಂಗ್. ಈವತ್ತಿನ ಆಕ್ಟಿವಿಟಿ... ಹೆರಿಟೇಜ್ ಬೋಟ್ ಲಿಫ್ಟಿಂಗ್. ಪ್ಯಾಕೇಜಿನಲ್ಲಿ ಸೇರಿದೆ. ಆರು ಜನ ಗಟ್ಟಿ ಇದ್ದವರು ಬನ್ನಿ."

ಒಂಬತ್ತು ಜನ ಬಂದರು. ಟಾರ್ಪಾಲು ಸರಿಸಿದೆವು. ಗಂಗೆ ಮಲಗಿದ್ದಳು... ಹಣೆಗೆ ಕುಂಕುಮ, ಕೊರಳಿಗೆ ಮಾಲೆ, ಮಗ್ಗುಲಲ್ಲಿ ಒಡೆದ ಕಾಯಿ. ಬೇಬಿಅಕ್ಕ ಅಂಗೈಯನ್ನು ಅದರ ಬದಿಗೆ ಒತ್ತಿ ನಿಂತಳು. ಅಷ್ಟು ದಿನ ಅಳದವಳು ಅಲ್ಲಿ ಅತ್ತಳು. ಹುಬ್ಬಳ್ಳಿಯವನೊಬ್ಬ ಅದನ್ನೂ ವಿಡಿಯೊ ಮಾಡಿಕೊಂಡ.

"ಅತ್ತೆ ಧಾರವಾಡದವರು," ಅಂದೆ. "ದೋಣಿ ನೋಡಿದ್ದು ಇದೇ ಮೊದಲು."

ಚಪ್ಪಲಿ ಬಿಡಿಸಿ, ಏಲೇ ಏಲೇ ಅನ್ನಿಸಿ, ಓಮ್ನಿಯ ಕ್ಯಾರಿಯರಿಗೆ ಏರಿಸಿದೆವು. ದೋಣಿ ಮಗುಚದ ಹಾಗೆ ಪಕ್ಕಕ್ಕೆ ಕಟ್ಟುವ ಮರದ ತೊಲೆಗೆ ನಮ್ಮಲ್ಲಿ ಉಲಂಡಿ ಅನ್ನುತ್ತಾರೆ. ಅದು ಬಿಚ್ಚಿತ್ತು, ವ್ಯಾನಿನೊಳಗೆ ತುರುಕಿದೆವು. ಬಾತುಕೋಳಿ ಬೋಟನ್ನು ಹುಬ್ಬಳ್ಳಿಯವರಿಗೆ ಬಹುಮಾನ ಕೊಟ್ಟೆ. ಕೀಲಿ? ನನ್ನ ಓಮ್ನಿಗೆ ಕೀಲಿ ಬರೀ ಶೋಕಿಗೆ. ಹೇರ್‌ಪಿನ್ ಹಾಕಿ ತಿರುಗಿಸಿದರೆ ಇನ್ನೂ ಬೇಗ ಸ್ಟಾರ್ಟ್ ಆಗುತ್ತದೆ.

ಹೈವೇಗೆ ಏರುವಾಗಲೇ ಎದುರಿಂದ ಹಾಲಿನ ಕ್ಯಾನ್ ಜೊತೆ ಬೊಲೆರೊ ಬಂತು. ರೂಪೇಶನ ಬಾಯಿ ತೆರೆದದ್ದು ಕಂಡಿತು. ಅವನು ಗಾಡಿ ತಿರುಗಿಸಿದ್ದು ಕನ್ನಡಿಯಲ್ಲಿ ಕಂಡಿತು.

ಅವರ್ಸೆ ಹೋಯಿತು. ಅಮದಳ್ಳಿ ಹೋಯಿತು. ಮಾಲೆ ಸಡಿಲವಾಯಿತು. ಸುರಂಗ ಬಂತು. ಇಲ್ಲಿಂದಲೇ ಅಲ್ಲವೇ ನಾನು ಶುರು ಮಾಡಿದ್ದು?

ಸುರಂಗದೊಳಗೆ ಬೊಲೆರೊ ಪಕ್ಕಕ್ಕೆ ಬಂತು. ರೂಪೇಶ ಕಿಟಕಿಯಿಂದ ಕೂಗಿದ.

"ಗಾಡಿ ನಿಲ್ಸಿ. ನಂಬಿ ಕೊಟ್ಟ ದೋಣಿ ಅದು."

"ಎಂತ ಹೇಳ್ತಾನೆ?" ಬೇಬಿಅಕ್ಕ ಕೇಳಿದಳು.

"ನಿನ್ನ ದೋಣಿ ಅವಂದಂತೆ."

ಅವಳು ಕಾಲ ಬುಡದ ಬಕೆಟ್ ಎತ್ತಿಕೊಂಡಳು. ನಿನ್ನೆಯ ತಾರ್ಲೆ ತೊಳೆದ ನೀರು, ರಾತ್ರಿಯಿಡೀ ಕೊಳೆತದ್ದು. ಕಿಟಕಿಯಿಂದ ಒಂದೇ ಏಟಿಗೆ ಸುರಿದಳು. ಬೊಲೆರೊದ ಗಾಜಿನ ತುಂಬ ಬೆಳ್ಳಿಯ ಹುರುಪೆ. ಅವನು ವೈಪರ್ ಹಾಕಿದ, ಅದು ಎಲ್ಲವನ್ನೂ ಸಮನಾಗಿ ಬಳಿಯಿತು. ಬೊಲೆರೊ ಹಿಂದೆ ಉಳಿಯಿತು. ವಾಸನೆ ಮಾತ್ರ ನಮ್ಮ ಜೊತೆ ಕೋಡಿಬಾಗದವರೆಗೂ ಬಂತು.

ಕೋಡಿಬಾಗದಲ್ಲಿ ನಮ್ಮ ಅದೃಷ್ಟ ಮುಗಿಯಿತು. ಕಾಳಿ ಸೇತುವೆಯ ಮೇಲೆ ಗೋವಾಕ್ಕೆ ಹೊರಟ ಗಾಡಿಗಳ ಸಾಲು, ಒಂದೂ ಅಲುಗಾಡುತ್ತಿಲ್ಲ. ಆಚೆ ದಂಡೆಯಲ್ಲಿ ಸದಾಶಿವಗಡ. ಜನ ನೆರೆದದ್ದು ಇಲ್ಲಿಂದಲೇ ಕಾಣುತ್ತಿತ್ತು. ನೀರು ದಂಡೆಯ ಕಲ್ಲು ಮುಚ್ಚುತ್ತಿತ್ತು.

"ಭರತಿ ತುಂಬ್ತಾ ಬಂತು, ಬಾಯಿ. ಇನ್ನು ಆಗೂದಿಲ್ಲ." ಅವಳ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ.

"ತಲೆ ಮೇಲೆ ದೋಣಿ ಇಟ್ಕೊಂಡು ಸೇತುವೆ ಯಾಕೆ ಕಾಯೂದು, ಅಕ್ಕಾ?"

ಸ್ಟಿಯರಿಂಗ್ ತಿರುಗಿಸಿದೆ. ಹೊಳೆಗೆ ಇಳಿಯುವ ಮರಳಿನ ದಾರಿ ಸಿಕ್ಕಿತು. ಓಮ್ನಿಯ ಬೆನ್ನನ್ನು ನೀರಿಗೆ ಮಾಡಿದೆ. ಬೇಬಿಅಕ್ಕ ಕತ್ತಿಯಿಂದ ಹಗ್ಗ ಕೊಯ್ದು ಬದಿಗೆ ಸರಿದಳು. ರಿವರ್ಸ್ ಹಾಕಿ ಜೋರಾಗಿ ಬಿಟ್ಟೆ... ನೀರು ತಾಗುವಾಗ ಬ್ರೇಕ್ ತುಳಿದೆ. ಓಮ್ನಿ ನಿಂತಿತು. ಗಂಗೆ ನಿಲ್ಲಲಿಲ್ಲ. ಕ್ಯಾರಿಯರ್‌ನಿಂದ ಜಾರಿ ಸೀದಾ ಕಾಳಿಗೆ ಇಳಿದಳು, ಮಾಲೆ ಸಮೇತ.

ಬೇಬಿಅಕ್ಕ ವ್ಯಾನಿನಿಂದ ಹುಟ್ಟು ತಗೊಂಡು ಹತ್ತಿದಳು. ನಾನು ಚಪ್ಪಲಿ ಒದೆದು ಹತ್ತಿದೆ. ಅಷ್ಟರಲ್ಲಿ ಮೀನಿನ ವಾಸನೆಯ ಬೊಲೆರೊ ಬಂದು ನಿಂತಿತು.

ರೂಪೇಶ ಹಾರಿದ. ಓಡಿ ಬಂದ. ಮೊಣಕಾಲು ನೀರಿನಲ್ಲಿ ನಮ್ಮ ದೋಣಿಯ ಅಂಚು ಹಿಡಿದ. ಹುಟ್ಟು ಬೇಬಿಅಕ್ಕನ ಕೈಯಲ್ಲಿ, ನನ್ನ ಕೈ ಖಾಲಿ. ಕತೆ ಮುಗಿಯಿತು ಅಂದುಕೊಂಡೆ. ಅವನು ಒಂದು ಕಾಲು ಎತ್ತಿ ಒಳಗೆ ಇಡಲು ಬಂದ.

ನಿಂತ.

ತನ್ನ ಬೂಟು ನೋಡಿದ. ಕುಂಕುಮ ನೋಡಿದ. ತಾನೇ ಕಟ್ಟಿದ ಮಾಲೆ ನೋಡಿದ.

ಚೂರಿ ಕಂಡು ನಿಂತವರನ್ನು ನೋಡಿದ್ದೇನೆ, ಪೊಲೀಸ್ ಜೀಪು ಕಂಡು ನಿಂತವರನ್ನು ನೋಡಿದ್ದೇನೆ. ತನ್ನದೇ ಬೂಟು ಕಂಡು ನಿಂತವನು ಇವನೊಬ್ಬನೇ.

ಅಂಚು ಬಿಟ್ಟ. ದಂಡೆಗೆ ಹೋಗಿ ಕೂತು ಲೇಸಿಗೆ ಕೈ ಹಾಕಿದ. ಒದ್ದೆ ಲೇಸು, ಬಿಗಿದ ಗಂಟು. ಹಲ್ಲಲ್ಲಿ ಕಚ್ಚಿ ಎಳೆದ. ನಾವು ಹೊರಟೆವು.

ಆದರೆ ಅರ್ಧ ಹೊಳೆಯಲ್ಲಿ ಗಂಗೆ ಓಲಾಡತೊಡಗಿದಳು. ಉಲಂಡಿ ವ್ಯಾನಿನಲ್ಲೇ ಉಳಿದಿತ್ತು. ಭರತಿಯ ಅಲೆ ಒಂದು ಬದಿಗೆ ಒತ್ತುತ್ತಿದೆ. ನಾನು ಬಲಕ್ಕೆ ವಾಲಿದರೆ ನೀರು ಬಲದಿಂದ ಒಳಗೆ, ಎಡಕ್ಕೆ ವಾಲಿದರೆ ಎಡದಿಂದ. ನನಗೆ ಈಜು ಬರುವುದಿಲ್ಲ ಅಂತ ನೆನಪಾದದ್ದು ಆಗಲೇ.

ಪಕ್ಕದಲ್ಲಿ ಒಂದು ತಲೆ ಎದ್ದಿತು. ರೂಪೇಶ. ಬರಿಗಾಲು. ಎರಡೂ ಕೈಯಿಂದ ಅಂಚು ಹಿಡಿದ.

ಮಗುಚುತ್ತಾನೆ ಅಂದುಕೊಂಡು ಕಣ್ಣು ಮುಚ್ಚಿದೆ.

"ಮೇಡಂ, ನಡೂಕೆ ಕೂತ್ಕಳಿ. ಅಲುಗಾಡ್‌ಬೇಡಿ." ಅವನು ತೂಕ ಹಾಕಿ ದೋಣಿಯನ್ನು ಸಮ ಮಾಡಿದ. "ಇಂಥ ದೋಣಿ ಉಲಂಡಿ ಇಲ್ದೆ ಯಾರಾದ್ರೂ ಬಿಡ್ತ್ರಾ?"

"ಕದ್ದವ ಬಿಚ್ಚಿದ್ದಕ್ಕೆ," ಬೇಬಿಅಕ್ಕ ಹುಟ್ಟು ಹಾಕುತ್ತಲೇ ಅಂದಳು.

"ನಾ ಕದೀಲಿಲ್ಲ, ಅಕ್ಕಾ. ದತ್ತಾ ಅವ್ರು ಕೊಟ್ರು. ಅಣ್ಣನ ಹೆಂಡ್ತಿ ಮಾರೂಕೆ ನೋಡ್ತದೆ, ರಂಪಣಿ ಮುಗಿಯೂವರೆಗೆ ಇಟ್ಕೋ ಅಂದ್ರು. ಕೇರಿ ದಂಡೇಲಿ ಕ್ಯಾಂಪ್ ಹಾಕೂಕೆ ಜಾಗ ಕೊಡ್ತೆ ಅಂದ್ರು."

"ಆ ಅಣ್ಣನ ಹೆಂಡ್ತಿ ನಾನೇ."

ಅವನು ನೀರಿನಿಂದಲೇ ಅವಳ ಮುಖ ನೋಡಿದ. ಕಾಲು ಬಡಿಯತೊಡಗಿದ, ಜೋರಾಗಿ, ಆಚೆ ದಂಡೆಯ ಕಡೆಗೆ. ಕಳ್ಳನೇ ಉಲಂಡಿಯಾದ.

ಹೊಳೆಬಾಯಿಯ ದಂಡೆಯಲ್ಲಿ ದತ್ತಾ ಕಾಯಿ ಹಿಡಿದು ನೀರಿಗೆ ಇಳಿದಾಗಿತ್ತು. ಇಸ್ತ್ರಿ ಹಾಕಿದ ಬಿಳಿ ಶರಟು. ನಮ್ಮನ್ನು ಕಂಡು ಅವನ ಕೈ ಗಾಳಿಯಲ್ಲೇ ನಿಂತಿತು. ಆದರೆ ಮನುಷ್ಯ ಚುರುಕು.

"ಅರೇ ವೈನಿ, ಸಿಕ್ತಾ ಗಂಗೆ? ಒಳ್ಳೇದಾಯ್ತು." ನಂತರ ಎಲ್ಲರಿಗೂ ಕೇಳುವಂತೆ, "ಆದ್ರೆ ದಸರೆ ಪೂಜೆ ಆಗದ ದೋಣಿ ಮುಂದೆ ಹೋಗೂಕೆ ಬರೂದಿಲ್ಲಲ್ಲ. ಕಟ್ಟಳೆ ಕಟ್ಟಳೆಯೇ. ನಾ ಎಂತ ಮಾಡೂದು?"

ಬೇಬಿಅಕ್ಕ ದೋಣಿಯ ಮೂತಿಯನ್ನು ಜನರ ಕಡೆ ತಿರುಗಿಸಿದಳು, ಅಷ್ಟೇ. ಮಾಲೆ. ಕುಂಕುಮ. ಬದಿಗೆ ಅಂಟಿದ್ದ ಒಂದು ತುಂಡು ಊದಿನಕಡ್ಡಿ.

"ಯಾರು ಮಾಡಿದ್ರು ಪೂಜೆ?" ಒಬ್ಬ ಮುದುಕ ಕೇಳಿದ.

"ನಾ ಮಾಡ್ದೆ," ರೂಪೇಶ ನೀರಿನಿಂದ ಎದ್ದು ನಿಂತ. ಸುಳ್ಳು ಹೇಳಬಹುದಿತ್ತು, ಓಡಬಹುದಿತ್ತು. "ದತ್ತಾ ಅವ್ರು ಅ‌ಡಗ್ಸಿಡೂಕೆ ಕೊಟ್ಟ ದೋಣಿ. ನಾ ಅಡಗ್ಸಿಟ್ಟೆ. ದಸರೆ ಬಂತು. ಪೂಜೆ ಇಲ್ದೆ ಬಿಡೂಕೆ ಮನಸ್ಸು ಬರ್ಲಿಲ್ಲ."

ಇಡೀ ದಂಡೆ ದತ್ತಾನ ಕಡೆ ತಿರುಗಿತು. ಯಾರೂ ಬೈಯಲಿಲ್ಲ. ಮುದುಕ ಅವನ ಕೈಯಿಂದ ಕಾಯಿ ತೆಗೆದು ಬೇಬಿಅಕ್ಕನಿಗೆ ಕೊಟ್ಟ. ಅವಳು ಅದನ್ನು ಹಣೆಗೆ ಒತ್ತಿ ನೀರಿಗೆ ಬಿಟ್ಟಳು. ಮೈದುನನ ಕಡೆ ನೋಡಿದಳು.

"ದತ್ತಾ, ಬಲೆಯ ಹಗ್ಗ ಹಿಡಿ. ಎಳದವರಿಗೆಲ್ಲ ಪಾಲು ಅದೆ. ನಿಂಗೂ."

ಅವನು ಆ ಬಿಳಿ ಶರಟಿನಲ್ಲೇ ಮೂರು ತಾಸು ಎಳೆದ. ನನಗೆ ಅದನ್ನು ನೋಡಲು ಬಹಳ ಖುಷಿಯಾಯಿತು, ಮುಚ್ಚಿಡುವುದಿಲ್ಲ. ಆ ದಿನದ ಬಂಗಡೆ ನನ್ನ ಫ್ರಿಜ್ಜಿನಲ್ಲಿ ಇನ್ನೂ ಇದೆ. ಹೋಗುವಾಗ ಎರಡು ತಗೊಂಡು ಹೋಗು.

ಸರಿ, ನಿನ್ನ ಪ್ರಶ್ನೆ. ಹುಡುಗ ಹೇಗೆ?

ಸುಳ್ಳುಗಾರ. ಪುಣೆಯವನು ಅಂತ ಇನ್ನೂ ಹುಬ್ಬಳ್ಳಿಯವರಿಗೆ ಹೇಳುತ್ತಿರಬಹುದು. ಯಾರು ಏನು ಹೇಳಿದರೂ ನಂಬುತ್ತಾನೆ. ನನ್ನ ಕೀಲಿಯನ್ನು ಇನ್ನೂ ತಿರುಗಿ ಕೊಟ್ಟಿಲ್ಲ.

ಆದರೆ ಗೆಲ್ಲುವ ಹೊತ್ತಿನಲ್ಲಿ ಬೂಟು ಬಿಚ್ಚಲು ಕೂತ ಗಂಡಸನ್ನು ನಾನು ಈ ಧಂದೆಯಲ್ಲಿ ಬೇರೆ ಕಂಡಿಲ್ಲ. ಮದುವೆಯಾಗು, ಮನಿಷಾ.

ಕೋಡಿಬಾಗದ ದಂಡೆಯಲ್ಲಿ ಅವನು ಬಿಟ್ಟುಹೋದ ಬೂಟು ಆ ಮೂಲೆಯಲ್ಲಿವೆ, ಅವನ್ನೂ ತಗೊಂಡು ಹೋಗು. ನನ್ನ ಫೀಸ್ ಬೇಡ. ಆ ಹಣಕ್ಕೆ ಅವನಿಗೊಂದು ಜೊತೆ ಹವಾಯಿ ಚಪ್ಪಲಿ ಕೊಡಿಸು... ಮುಂದಿನ ಸಲವಾದರೂ ಕಳ್ಳತನ ಟೈಮಿಗೆ ಸರಿಯಾಗಿ ಮುಗಿಯಲಿ.